ಆರು ತಿಂಗಳು ಬಿಟ್ಟ ಮನೆ

12-7-99, ಸೋಮವಾರ

ಏಳರ ಬಸ್ ಇವತ್ತೂ ತಪ್ಪಿತು. ಮುಂದಿನದು ಆಲೂರಿನಲ್ಲಿ ಕಾಲು ಗಂಟೆ ನಿಂತಿತು, ಡ್ರೈವರ್‌ಗೆ ಇಡ್ಲಿ ಆಗಬೇಕಿತ್ತು. ಸಕಲೇಶಪುರದ ಪುರಸಭೆ ಆಫೀಸು ಮುಟ್ಟಿದಾಗ ಹತ್ತೂಮುಕ್ಕಾಲು. ಹೆಡ್ ಕ್ಲರ್ಕ್ ಶಾಂತಮಲ್ಲಪ್ಪನವರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೀಟು ಎಳೆದು ಕಾದಿದ್ದರು. ಈ ತಿಂಗಳಲ್ಲಿ ನಾಲ್ಕನೇದು.

"ಸುಮನಾ, ಹಾಸನದಿಂದ ಎಷ್ಟ್ ದಿನ ಅಂತ ಓಡಾಡ್ತೀಯಮ್ಮ? ಇಲ್ಲೇ ಒಂದು ರೂಮ್ ನೋಡ್ಕೊ. ಆಗಸ್ಟ್ ಒಳಗೆ ಇಲ್ಲಿನ ಅಡ್ರೆಸ್ ಕೊಡ್ಲಿಲ್ಲ ಅಂದ್ರೆ ನಾನು ಮೇಲಕ್ಕೆ ಬರೀಲೇಬೇಕಾಗ್ತದೆ. ಪ್ರೊಬೇಷನ್ನಲ್ಲಿದ್ದೀಯ, ನೆನಪಿರ್ಲಿ."

ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆದರಿಕೆ ಆಯಿತು.

ಕೆಲಸದ ಊರಲ್ಲೇ ವಾಸ ಇದ್ದರೆ ಮಾತ್ರ ಎಚ್‌ಆರ್‌ಎ, ಮನೆ ಬಾಡಿಗೆ ಭತ್ಯೆ. ನನ್ನದು ನೂರ ಎಂಬತ್ತು ರೂಪಾಯಿ. ವಾಸ ಇಲ್ಲ ಅಂತ ಅದೂ ಎರಡು ತಿಂಗಳಿಂದ ನಿಂತಿದೆ. ನೂರ ಎಂಬತ್ತಕ್ಕೆ ಈ ಊರಲ್ಲಿ ಸಿಗೋದು ಸೌದೆ ಕೊಟ್ಟಿಗೆ. ಅದನ್ನೂ ಸಂಸಾರಸ್ಥರಿಗೇ ಕೊಡ್ತಾರೆ.

ಸಂಜೆ ಒಂಬತ್ತನೇ ಮನೆ ನೋಡಿದೆ. ಗುರುಶಾಂತಮ್ಮ ಅಂತ, ಬಾಗಿಲಲ್ಲೇ ನಿಲ್ಲಿಸಿ ಕೇಳಿದರು.

"ಯಾವ್ ಕಡೇರು?"

"ಅರಸೀಕೆರೆ ಕಡೆ. ಅಪ್ಪ ಮಹಾದೇವಯ್ಯ ಅಂತ, ಕೊಬ್ಬರಿ ವ್ಯಾಪಾರ."

"ಹಂಗಾರೆ ನಮ್ಮೋರೇ." ಮುಖ ಅರಳಿತು. "ಯಜಮಾನ್ರು ಏನ್ ಮಾಡ್ಕಂಡವ್ರೆ?"

"ಮದುವೆ ಆಗಿಲ್ಲ."

"ಜೊತೇಲಿ ಯಾರ್ ಇರ್ತಾರೆ?"

"ಯಾರೂ ಇಲ್ಲ."

"ಒಂಟಿ ಹೆಣ್ಮಗ್ಳಿಗೆ ಮನೆ ಕೊಟ್ರೆ ನಂಗೇ ಕಾವಲು ಕೆಲ್ಸ ಕಣಮ್ಮ. ಮದ್ವೆ ಮಾಡ್ಕಂಡ್ ಬಾ, ಇದೇ ಮನೆ ಕೊಡ್ತೀನಿ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು, ಬಾಡಿಗೆಗೆ ಹುಡುಕಿ ನೋಡು ಅಂತ ಯಾಕೆ ಸೇರಿಸಲಿಲ್ಲವೋ. ಕಾಫಿ ಮಾತ್ರ ಚೆನ್ನಾಗಿ ಕೊಟ್ಟರು.

20-7-99

ಹನ್ನೊಂದನೇ ಮನೆ. ಫ್ಲೋರ್ ಮಿಲ್ ಹಿಂದೆ ಒಂದು ರೂಮು. ಆರುನೂರು ಬಾಡಿಗೆ, ಹತ್ತು ಸಾವಿರ ಅಡ್ವಾನ್ಸ್, ರಾತ್ರಿ ಎಂಟಕ್ಕೆ ಗೇಟ್ ಬಂದ್, ಮೀನು ಮಾಂಸ ಮಾಡಂಗಿಲ್ಲ. ಮಾಡಲ್ಲ ಅಂದೆ. ನೆಂಟರು ಬರಂಗಿಲ್ಲ. ಬರಲ್ಲ ಅಂದೆ. ಆಮೇಲೆ "ಯೋಚ್ನೆ ಮಾಡಿ ಹೇಳ್ತೀವಿ" ಅಂದರು. ಈ ಮಾತಿನ ಅರ್ಥ ನನಗೆ ಈಗ ಬಾಯಿಪಾಠ.

ಹಾಸನದಲ್ಲಿ ಚಿಕ್ಕಮ್ಮ ಏನೂ ಅನ್ನಲ್ಲ. ಆದರೆ ನನ್ನ ಟ್ರಂಕ್ ಹಾಲ್‌ನಿಂದ ಹಿತ್ತಲ ಬಾಗಿಲ ಹತ್ತಿರಕ್ಕೆ ಹೋಗಿದೆ. ಯಾರು ಇಟ್ಟರು ಅಂತ ಕೇಳಲಿಲ್ಲ.

2-8-99, ಸೋಮವಾರ

ಮಳೆ. ನನ್ನ ಸೆಕ್ಷನ್ ಜನನ–ಮರಣ. ಇವತ್ತು ಜನನ ಎರಡು, ಮರಣ ಮೂರು. ಒಬ್ಬರು ರಂಗಸ್ವಾಮಿ ಅಂತ, ಹಾನುಬಾಳು ಹತ್ತಿರದ ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್. ಮನೆ ಮಾತ್ರ ಇಲ್ಲಿ, ಪೇಟೆಯಲ್ಲಿ, ಮಗಳ ಓದಿಗೆ. ತಾಯಿ ಕಮಲಮ್ಮ ತೀರಿಕೊಂಡಿದ್ದಾರೆ, ಎಪ್ಪತ್ನಾಲ್ಕು.

"ಇಪ್ಪತ್ತೊಂಬತ್ನೇ ತಾರೀಕು, ರಾತ್ರಿ ಎಲ್ಡ್ ಗಂಟೇಲಿ ಹೋಗ್ಬುಟ್ರು ಅವ್ವ. ನಾನು ಎಸ್ಟೇಟಲ್ಲಿದ್ದೆ ಮೇಡಂ. ಬೆಳಿಗ್ಗೆ ಬಂದ್ ನೋಡ್ದೆ."

ಬರೆದುಕೊಂಡೆ. ಜೋಯಿಸರಿಗೆ ಕಳಿಸಬೇಕು, ಒಂದು ಚೀಟಿ ಬರೆದುಕೊಡಿ ಅಂದರು. ಬರೆದೆ: ಮರಣ 29-7-99, ಗುರುವಾರ, ರಾತ್ರಿ 2 ಗಂಟೆ. ಮಡಚಿ ಅಂಗಿ ಒಳಜೇಬಿಗೆ ಇಟ್ಟುಕೊಂಡರು. ಎಸ್ಟೇಟ್ ಜೀಪಲ್ಲಿ ಹಾನುಬಾಳಿಗೆ ಕಳಿಸುತ್ತಾರಂತೆ.

5-8-99

ಊಟದ ಹೊತ್ತಲ್ಲಿ ಶಾಂತಮಲ್ಲಪ್ಪನವರು ಸುದ್ದಿ ಹೇಳಿದರು. ಆ ರೈಟರ್ ಮನೆಯಲ್ಲಿ ಮುದುಕಿ ಸತ್ತ ನಕ್ಷತ್ರ ಸರಿ ಇಲ್ಲವಂತೆ. ಧನಿಷ್ಠಾ. ಆರು ತಿಂಗಳು ಮನೆ ಬಿಡಬೇಕು ಅಂತ ಜೋಯಿಸರು ಹೇಳಿ ಕಳಿಸಿದ್ದಾರೆ. ಹನ್ನೊಂದರ ತಿಥಿ ಮುಗಿಸಿ ಎಲ್ಲರೂ ಎಸ್ಟೇಟ್ ಲೈನ್‌ಗೆ, ಆಳುಗಳ ಸಾಲು ಮನೆಗೆ, ಹೋಗುತ್ತಾರಂತೆ.

"ಖಾಲಿ ಮನೆ, ಪೇಟೆ ಮಧ್ಯ. ಕಳ್ಳರ ಕಾಟ ಅಂತ ಅವ್ನಿಗೆ ಯೋಚ್ನೆ. ಆದ್ರೆ ಅಂಥ ಮನೆಗೆ ಯಾರ್ ಬರ್ತಾರೆ ಹೇಳು?"

ನಾನು ಹೋಗ್ತೀನಿ ಅಂದೆ. ಡಬ್ಬಿ ಮುಚ್ಚೋಕೆ ಮುಂಚೆ ಅಂದುಬಿಟ್ಟೆ.

ನಾಚಿಕೆಯೂ ಆಯಿತು. ಒಬ್ಬರ ಮನೆ ಸಾವು, ಇನ್ನೊಬ್ಬರಿಗೆ ಬಾಡಿಗೆ ಮನೆ. ಆದರೆ ನಾಚಿಕೆಗೆ ಸೂರಿಲ್ಲ, ನನಗೆ ಬೇಕು.

8-8-99, ಭಾನುವಾರ

ಹೋಗಿ ಮಾತಾಡಿದೆ. ರಂಗಸ್ವಾಮಿಯವರ ಹೆಂಡತಿ ಗಂಗಾಮಣಿ, ಮಗಳು ನವ್ಯಶ್ರೀ, ಈ ವರ್ಷ ಎಸ್ಸೆಸ್ಸೆಲ್ಸಿ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

"ದೋಷ ನಮ್ಗೆ, ಈ ಮನೆಯೋರಿಗೆ. ನಿಮ್ಗೆ ತಟ್ಟಲ್ಲ, ಜೋಯಿಸ್ರನ್ನ ಕೇಳೇ ಹೇಳ್ತಿದೀನಿ," ಅಂದರು ಗಂಗಾಮಣಿ. "ಅತ್ತೆ ಇದ್ದ ಹಿಂದಿನ ಕೋಣೆ ಒಂದು ತೆಗೀಬೇಡಿ. ಆರು ತಿಂಗ್ಳು ನಾವಂತೂ ಗೇಟ್ ದಾಟಂಗಿಲ್ಲ."

ಬಾಡಿಗೆ ಎಷ್ಟು ಅಂತ ಹೆದರಿಕೊಂಡೇ ಕೇಳಿದೆ.

"ನಿಮ್ ಸರ್ಕಾರ ಎಷ್ಟ್ ಕೊಡ್ತದೋ ಅಷ್ಟ್ ಕೊಡಿ," ಅಂದರು ರಂಗಸ್ವಾಮಿ.

ಹೊರಗೆ ಬಂದು ಛತ್ರಿ ಬಿಚ್ಚೋದು ಮರೆತು ಬಸ್‌ಸ್ಟ್ಯಾಂಡ್‌ವರೆಗೆ ನಡೆದೆ.

13-8-99, ಶುಕ್ರವಾರ

ಬಂದೆ. ಆಷಾಢ ಕಳೆಯಲಿ ಅಂತ ಅಪ್ಪ ಫೋನಲ್ಲಿ ಹಟ ಹಿಡಿದಿದ್ದರು, ಕಳೆಯಿತು. ಸತ್ತ ಮನೆ ಅಂತ ಅವರಿಗೆ ಹೇಳಿಲ್ಲ.

ಒಂದು ಲೋಟ ಹಾಲು ಉಕ್ಕಿಸಿದೆ. ಸ್ಟೌ ಪೂರ್ತಿ ರಂಪ. ಒರೆಸುತ್ತಾ ಒಬ್ಬಳೇ ನಕ್ಕೆ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ನಾನಿರೋ ಮನೆಯಲ್ಲಿ ಬೇರೆ ಯಾರೂ ಇಲ್ಲ. ಬಹಳ ಸಂತೋಷವಾಗಿದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಲು ಯಾರೂ ಇಲ್ಲದ್ದೇ ಸಂತೋಷ.

ಹಿಂದಿನ ಕೋಣೆ ಬಾಗಿಲಿಗೆ ಮುಳ್ಳಿನ ಕೊಂಬೆ ಸಿಕ್ಕಿಸಿದ್ದಾರೆ. ಆ ಕಡೆ ನೋಡದೆ ಅಡುಗೆಮನೆಗೆ ಹೋಗೋದು ಅಭ್ಯಾಸ ಮಾಡಿಕೊಳ್ಳಬೇಕು.

24-8-99

ಹತ್ತಕ್ಕೆ ಐದು ನಿಮಿಷ ಇದ್ದಾಗಲೇ ಸಹಿ. ಶಾಂತಮಲ್ಲಪ್ಪನವರು ಗಡಿಯಾರ ನೋಡಿ, ನನ್ನ ನೋಡಿ, ಕೆಂಪು ಪೆನ್ನು ಡ್ರಾಯರ್‌ಗೆ ಹಾಕಿದರು. ವಿಳಾಸ ಕೊಟ್ಟೆ. ಎಚ್‌ಆರ್‌ಎ ಮುಂದಿನ ಸಂಬಳದಿಂದ.

12-9-99

ಎಲೆಕ್ಷನ್ ಡ್ಯೂಟಿ ಮುಗಿಯಿತು. ಕಾಲು ಬಾತುಕೊಂಡಿದೆ. ಮನೆಗೆ ಬಂದು ಬಾಗಿಲು ತೆಗೆದಾಗ "ನನ್ನ ಮನೆ" ಅಂತ ಅನ್ನಿಸಿತು. ತಿದ್ದಿಕೊಳ್ಳಲಿಲ್ಲ.

21-9-99, ಮಂಗಳವಾರ

ಸಂಜೆ ಜೋರು ಮಳೆ. ಕಿಟಕಿಯಿಂದ ನೋಡಿದರೆ ಎದುರುಗಡೆ ಮುಚ್ಚಿದ ಅಂಗಡಿಯ ಸೂರಿನ ಕೆಳಗೆ ನವ್ಯಶ್ರೀ. ಸ್ಕೂಲ್ ಬಿಡೋದು ನಾಲ್ಕೂವರೆಗೆ, ಹಾನುಬಾಳಿನ ಬಸ್ಸು ಆರಕ್ಕೆ. ಅಲ್ಲಿವರೆಗೆ ಬಸ್‌ಸ್ಟ್ಯಾಂಡಲ್ಲಿ ನಿಲ್ಲೋಕೆ ಹುಡುಗರ ಕಾಟ, ಅದಕ್ಕೆ ಇಲ್ಲಿ. ತನ್ನ ಮನೆ ಎದುರು.

"ಒಳಗೆ ಬಾರೇ, ಯಾರು ನೋಡ್ತಾರೆ?" ಅಂದೆ.

"ಬ್ಯಾಡ ಅಕ್ಕ. ಅಪ್ಪಂಗೇನಾರ ಆದ್ರೆ?"

ಗೇಟಿನ ಮೇಲಿಂದ ಕಾಫಿ ಕೊಟ್ಟೆ. ಲೋಟ ಅವರದೇ ಮನೆಯದು, ಅವಳ ಹೆಸರು ಕೆತ್ತಿದೆ. ಚೀಲ ಎದೆಗೆ ಅವುಚಿಕೊಂಡು ಕುಡಿದಳು. ಲೈನ್ ಮನೆ ಹೇಗಿದೆ ಅಂತ ಕೇಳಿದೆ.

"ಒಂದೇ ರೂಮು. ಸೋರ್ತದೆ. ರಾತ್ರಿ ಓದಕ್ಕೆ ಕರೆಂಟೂ ಇರಲ್ಲ."

ಇನ್ನು ಮೇಲೆ ದಿನಾ ಕಾಫಿ ಕೊಡೋದು ಅಂತ ನಿರ್ಧಾರ ಮಾಡಿದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಅನ್ನಿಸಿತು, ಬರೆಯೋಕೆ ಈಗ ನಾಚಿಕೆ.

4-10-99, ಸೋಮವಾರ

ಗಂಗಾಮಣಿ ಬಂದಿದ್ದರು, ಕಂಬಳಿಗೆ. ಗೇಟಿನಾಚೆ ನಿಂತು ಹೇಳುತ್ತಿದ್ದರು, ನಾನು ಒಳಗೆ ಹುಡುಕಿ ತರುತ್ತಿದ್ದೆ. ಬೀರುವಿನ ಕೆಳಗೆ, ಎಡಗಡೆ, ಹಳೇ ಟ್ರಂಕಲ್ಲಿ. ತಮ್ಮ ಮನೆಯ ವಸ್ತುವನ್ನು ಬೀದಿಯಲ್ಲಿ ನಿಂತು ಈಸಿಕೊಂಡರು.

ಕಂಬಳಿ ಅತ್ತೆಯದು. ಅದನ್ನು ಹಿಡಿದು ಮಾತಿಗೆ ನಿಂತರು.

"ಆವತ್ತು ಹುಣ್ಣಿಮೆ. ಬುಧವಾರ. ಸಂಜೆ ಅವ್ರೇ ಎದ್ದು ದೇವ್ರಿಗೆ ಕೈ ಮುಗ್ದ್ರು. ರಾತ್ರಿ ಕಾಲು ಒತ್ತಾ ಕುಂತಿದ್ದೆ, ಎಲ್ಡ್ ಗಂಟೇಲಿ ನೋಡ್ತೀನಿ, ಕಾಲು ತಣ್ಣಗಾಗೈತೆ."

ಬುಧವಾರ. ನಾನು ಗುರುವಾರ ಅಂತ ಬರೆದಿದ್ದೆ.

ಮತ್ತೆ ಆಫೀಸಿಗೆ ಹೋಗಿ ರಿಜಿಸ್ಟರ್ ನೋಡಿದೆ. ತಪ್ಪಿಲ್ಲ. ಮನೆಯವರಿಗೆ ಬೆಳಗಾಗೋವರೆಗೂ ಬುಧವಾರವೇ. ಆಫೀಸಿಗೆ ಹನ್ನೆರಡು ಹೊಡೆದರೆ ಗುರುವಾರ, 29. ಆದರೆ ಜೋಯಿಸರು "ಗುರುವಾರ ರಾತ್ರಿ 2" ಅಂತ ಓದಿ ಗುರುವಾರ ಹಗಲು ಕಳೆದ ಮೇಲಿನ ರಾತ್ರಿ ಅಂದುಕೊಂಡಿದ್ದಾರೆ. ಒಂದು ಇಡೀ ದಿನ ಮುಂದೆ. ಗೋಡೆ ಕ್ಯಾಲೆಂಡರ್‌ನಲ್ಲಿ ಜುಲೈ ಹಾಳೆ ತಿರುಗಿಸಿದೆ. 29ರ ಮಧ್ಯಾಹ್ನ ಕಳೆಯೋವರೆಗೂ ಶ್ರವಣ, ಆಮೇಲೆ ಧನಿಷ್ಠಾ.

ಮುದುಕಿ ಹೋಗಿದ್ದು ಶ್ರವಣದಲ್ಲಿ. ಶ್ರವಣಕ್ಕೆ ದೋಷವೇ ಇಲ್ಲ. ಇವರು ಮನೆ ಬಿಡಬೇಕಾಗೇ ಇರಲಿಲ್ಲ.

6-10-99

ನಾನು ನಕ್ಷತ್ರ ನಂಬಲ್ಲ. ಹಾಗಾದರೆ ಇದರಲ್ಲಿ ನನ್ನದೇನಿದೆ? ಅವರ ನಂಬಿಕೆ, ಅವರ ಜೋಯಿಸರು. ತಾರೀಖು ಸರಿಯಾಗೇ ಇದೆ, ಒಂದಕ್ಷರ ತಪ್ಪಿಲ್ಲ.

ಬರೆದು ಓದಿದರೆ ಒಳ್ಳೆ ಲಾಯರ್ ನೋಟಿಸ್ ಥರ ಇದೆ.

9-10-99

ಶಾಂತಮಲ್ಲಪ್ಪನವರಿಗೆ ಯಾರದೋ ಕಥೆ ಅಂತ ಹೇಳಿ ಕೇಳಿದೆ. ಅವರೇನು ದಡ್ಡರೇ. ಕನ್ನಡಕ ತೆಗೆದು ಒರೆಸುತ್ತಾ ಅಂದರು:

"ಸುಮ್ನಿರಮ್ಮ. ಕೂತ ಕೊಂಬೆ ಯಾರಾದ್ರೂ ಕಡೀತಾರಾ? ಫೆಬ್ರವರಿಗೆ ಅವ್ರೇ ಬರ್ತಾರೆ. ಅಷ್ಟರಲ್ಲಿ ನಿನ್ ಪ್ರೊಬೇಷನ್ನೂ ಮುಗೀತದೆ."

ಅದೇ ಸರಿ. ಬೇರೆ ಮನೆ ಹುಡುಕಿಕೊಂಡು, ಆಮೇಲೆ ಹೇಳಿದರಾಯಿತು. ಎರಡೂ ಕಡೆ ನ್ಯಾಯ. ನಾಳೆಯಿಂದ ಹುಡುಕುತ್ತೇನೆ.

27-10-99

ಹುಡುಕಿದೆ. ಐದು ಮನೆ. ಒಂದು ಕಡೆ "ರೈಟರ್ ಮನೇಲಿ ಇರೋ ಹುಡ್ಗಿ ತಾನೆ ನೀನು?" ಅಂತ ಕೇಳಿ, ನನ್ನ ಕೈಗೆ ನೀರು ಕೊಡೋಕೂ ಯೋಚಿಸಿದರು. ಸತ್ತ ಮನೆ ದೋಷ ನನಗೆ ತಟ್ಟಲ್ಲ ಅಂತ ಜೋಯಿಸರು ಹೇಳಿದ್ದು ಊರಿಗೆಲ್ಲ ಗೊತ್ತಿಲ್ಲ.

ದಸರಾ ರಜೆ ಮುಗಿದು ನವ್ಯ ಬರುತ್ತಿದ್ದಾಳೆ. ಕೆಮ್ಮು. ಅರ್ಧ ವಾರ್ಷಿಕದಲ್ಲಿ ಲೆಕ್ಕದಲ್ಲಿ ಹದಿನೆಂಟು. ಗೇಟಿಗೆ ಒರಗಿ ತೋರಿಸಿದಳು, "ಅಪ್ಪಂಗೆ ಹೇಳ್ಬ್ಯಾಡಿ ಸುಮನಕ್ಕ." ನನಗೆ ಒಂದು ಗುಟ್ಟು ಇಟ್ಟುಕೊಳ್ಳಲು ಕೊಟ್ಟಳು. ನನ್ನ ಹತ್ತಿರ ಆಗಲೇ ಒಂದಿತ್ತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕಾಫಿಗೆ ಸಕ್ಕರೆ ಎರಡು ಸಲ ಹಾಕಿ ಕೊಟ್ಟೆ.

10-11-99, ಬುಧವಾರ

ದೀಪಾವಳಿಗೆ ಊರಿಗೆ ಹೋಗಿ ಇವತ್ತು ಬಂದೆ. ಗೇಟಿನ ಹೊರಗೆ, ಚರಂಡಿ ಕಲ್ಲಿನ ಮೇಲೆ ಆರು ಹಣತೆ. ಎಣ್ಣೆ ಮುಗಿದು ಕರಿ ಹಿಡಿದಿವೆ. ಪಕ್ಕದ ಮನೆಯವರು ಹೇಳಿದರು, ಭಾನುವಾರ ಮೂವರೂ ಹಾನುಬಾಳಿನಿಂದ ಬಂದು, ಹೊರಗೇ ಹಚ್ಚಿಟ್ಟು, ಕೊನೇ ಬಸ್ಸಿಗೆ ಹೋದರಂತೆ. ಮಳೆ ಹನೀತಿತ್ತಂತೆ, ರಂಗಸ್ವಾಮಿ ಛತ್ರಿ ಹಿಡಿದುಕೊಂಡು ನಿಂತಿದ್ದರಂತೆ.

ಹಣತೆ ತೊಳೆದು ಒಳಗಿಟ್ಟೆ. ಕೂತು ಅತ್ತುಬಿಟ್ಟೆ. ನಾನು ಕೆಟ್ಟವಳಲ್ಲ ಅಂದುಕೊಂಡಿದ್ದೆ, ಇಷ್ಟು ದಿನ ಅದೇ ಧೈರ್ಯದ ಮೇಲೆ ಸುಮ್ಮನಿದ್ದೆ.

14-11-99, ಭಾನುವಾರ

ಹಾನುಬಾಳಿಗೆ ಹೋದೆ. ಅಲ್ಲಿಂದ ಎಸ್ಟೇಟ್ ಜೀಪು. ಲೈನ್‌ನ ಕೊನೇ ಮನೆ. ಒಳಗೆ ಹಗ್ಗದ ಮೇಲೆ ನವ್ಯಳ ಯೂನಿಫಾರಂ, ಕೆಳಗೆ ಬೆಂಕಿ, ಹೊಗೆಯಲ್ಲಿ ಒಣಗುತ್ತಿತ್ತು.

ಹೇಳಿದೆ. ಕ್ಯಾಲೆಂಡರ್ ಹಾಳೆ ಹರಿದು ತಂದಿದ್ದೆ, ತೋರಿಸಿದೆ. ನಿಮ್ಮ ಬುಧವಾರ ರಾತ್ರಿ, ನಮ್ಮ ಗುರುವಾರ ಅಂದೆ. ರಂಗಸ್ವಾಮಿ ಬೆರಳಿಟ್ಟು ಎರಡು ಸಲ ಓದಿದರು. ಒಳಗಿಂದ ನನ್ನ ಚೀಟಿ ತಂದರು, ಜೋಯಿಸರು ವಾಪಸ್ ಕಳಿಸಿದ್ದನ್ನು ಇನ್ನೂ ಇಟ್ಟುಕೊಂಡಿದ್ದರು.

"ಹೌದಲ್ಲ ಮಾರಾಯ್ತಿ," ಅಂದರು ಹೆಂಡತಿಗೆ. "ನಾನಾರ ಬಾಯ್ಬಿಟ್ಟು ಬುಧವಾರ ಅನ್ಬೇಕಿತ್ತು. ಚೀಟಿ ಕಳ್ಸಿ ಕೈ ತೊಳ್ಕಂಡೆ."

ಗಂಗಾಮಣಿ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ಯಾವಾಗ್ ಗೊತ್ತಾಯ್ತು ನಿಮ್ಗೆ?"

ಈ ಪ್ರಶ್ನೆಗೆ ದಾರಿ ಪೂರ್ತಿ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ.

"ನಿನ್ನೆ" ಅಂದೆ.

22-11-99, ಸೋಮವಾರ

ಜೋಯಿಸರು ಮತ್ತೆ ಗುಣಿಸಿ ನೋಡಿ, ಶ್ರವಣವೇ ಹೌದು, ದೋಷವಿಲ್ಲ ಅಂದರಂತೆ. ಮನೆಗೆ ಬಂದರು. ಪುಣ್ಯಾಹ ಮಾಡಿಸಿ ಮುಳ್ಳು ತೆಗೆದು ಹಿಂದಿನ ಕೋಣೆ ತೊಳೆದರು. ನಾನು ಬೆಳಿಗ್ಗೆಯೇ ಟ್ರಂಕ್ ಕಟ್ಟಿಟ್ಟಿದ್ದೆ. ಹಾಸನಕ್ಕೆ ಫೋನೂ ಮಾಡಿದ್ದೆ, ಚಿಕ್ಕಮ್ಮ "ಬಾ" ಅಂದ ರೀತಿಯಲ್ಲಿ "ಬರಬೇಡ" ಇತ್ತು.

ಗಂಗಾಮಣಿ ಟ್ರಂಕ್ ನೋಡಿ ಸಿಟ್ಟಾದರು.

"ಎಲ್ಗ್ ಹೊಂಟೆ? ಮುಂದ್ಗಡೆ ರೂಮು ನಿಂದು. ಬಾಡ್ಗೆ ಸರ್ಕಾರ ಕೊಟ್ಟಷ್ಟೇ. ನೀನ್ ಹೇಳ್ದೆ ಇದ್ದಿದ್ರೆ ನಮ್ಗ್ ಯಾರ್ ಹೇಳ್ತಿದ್ರು? ಮೇಡಂ ಗೀಡಂ ಅಂತ ಇನ್ನು ಕರಿಯಲ್ಲ. ನೀನೂ ನಂಗೆ ಅಕ್ಕ ಅನ್ನು."

ಅಕ್ಕ ಅಂದೆ. ಮನೆ ಸಿಕ್ಕಿತು. ಒಂಟಿ ಹೆಣ್ಣು, ನೂರ ಎಂಬತ್ತು ರೂಪಾಯಿ, ಅವಧಿ ಇಲ್ಲ, ಗೇಟ್ ಬಂದ್ ಇಲ್ಲ. ಈ ಊರಲ್ಲಿ ಹದಿನೇಳನೇ ಮನೆ.

ಊಟಕ್ಕೆ ಬಂದವರಿಗೆಲ್ಲ ಗಂಗಾಮಣಿ ಅಕ್ಕ ಒಂದೇ ಮಾತು: "ಗೊತ್ತಾದ್ ಮಾರ್ನೇ ದಿನಾನೇ ಓಡ್ಬಂದ್ಲು ಕಣ್ರೀ. ತಾನಿರೋ ಮನೆ ಹೋಯ್ತದೆ ಅಂತ ಗೊತ್ತಿದ್ದೂ." ಗುರುಶಾಂತಮ್ಮನೂ ಬಂದಿದ್ದರು. "ಇಂಥ ಹುಡ್ಗಿ ಅಂತ ಗೊತ್ತಿದ್ರೆ ನಾನೇ ಮನೆ ಕೊಡ್ತಿದ್ದೆ," ಅಂದರು. ಪಾಯಸ ಎರಡು ಸಲ ಬಡಿಸಿದರು. ಎರಡನ್ನೂ ಎಲೆ ಮೇಲೇ ಬಿಟ್ಟು ಎದ್ದೆ.

30-11-99

ಅಕ್ಕ ನನ್ನ ಆಫೀಸ್ ಡಬ್ಬಿಗೆ ಅಕ್ಕಿ ರೊಟ್ಟಿ ಹಾಕಿ ಕಳಿಸುತ್ತಾರೆ. ಸಂಜೆ ನವ್ಯಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಚುರುಕಿದ್ದಾಳೆ, ಓದೋಕೆ ಜಾಗ ಇರಲಿಲ್ಲ ಅಷ್ಟೇ. ಅವಳು ಕೆಮ್ಮಿದಾಗೆಲ್ಲ ಅಕ್ಟೋಬರ್ ನಾಲ್ಕರಿಂದ ನವೆಂಬರ್ ಹದಿನಾಲ್ಕಕ್ಕೆ ಎಷ್ಟು ದಿನ ಅಂತ ತಲೆಯಲ್ಲಿ ಓಡುತ್ತೆ. ನಲವತ್ತೊಂದು.

ನಿನ್ನೆ ಪಕ್ಕದ ಮನೆಯವರ ಮುಂದೆ ಮತ್ತೆ ಅದೇ ಮಾತು. ಮಾರ್ನೇ ದಿನಾನೇ ಓಡ್ಬಂದ್ಲು. ಅಕ್ಕ ಅದನ್ನು ಹೇಳುವಾಗ ನನ್ನ ಕಡೆ ಎಷ್ಟು ಪ್ರೀತಿಯಿಂದ ನೋಡುತ್ತಾರೆ ಅಂದರೆ, ಎದ್ದು ಹೋಗೋಣ ಅನ್ನಿಸುತ್ತೆ. ಇನ್ನು ತಡೆಯೋಕೆ ಆಗಲ್ಲ. ಹೇಳಿದರೆ ಮನೆ ಹೋಗುತ್ತೆ.

5-12-99, ಭಾನುವಾರ

ಹೇಳಿದೆ. ಅಡುಗೆಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು, ಕಡುಬಿಗೆ ಹಿಟ್ಟು ತಿರುವುತ್ತಿದ್ದರು. ಆವತ್ತು ಲೈನ್ ಮನೆಯಲ್ಲಿ "ನಿನ್ನೆ" ಅಂದದ್ದು ಸುಳ್ಳು, ಅಕ್ಟೋಬರ್ ನಾಲ್ಕನೇ ತಾರೀಖು, ನೀವು ಕಂಬಳಿಗೆ ಬಂದ ದಿನವೇ ಗೊತ್ತಾಯಿತು ಅಂದೆ. ಮನೆ ಹೋಗುತ್ತೆ ಅಂತ ಹೇಳಲಿಲ್ಲ ಅಂದೆ. ಕಾರಣ ಬೇರೇನೂ ಇರಲಿಲ್ಲ, ಅದಕ್ಕೇ ಬೇರೇನೂ ಹೇಳಲಿಲ್ಲ.

ಹಿಟ್ಟು ತಳ ಹಿಡಿಯಿತು. ಅಕ್ಕ ಇಳಿಸಿ ಕೆಳಗಿಟ್ಟರು.

"ಕಂಬ್ಳಿಗ್ ಬಂದ್ ದಿನ," ಅಂದರು. "ಆಮೇಲೂ ಅವ್ಳು ದಿನಾ ಬೀದೀಲಿ ನಿಂತ್ಕಂಡ್ಲು."

"ಹೌದು."

"ನೀವು ಒಳ್ಗಿಂದ ನೋಡ್ತಿದ್ರಿ."

ನೀವು ಅಂದರು. ಆಗಲೇ ಗೊತ್ತಾಯಿತು. ಟ್ರಂಕ್ ಕಟ್ತೀನಿ ಅಂದೆ.

"ಬ್ಯಾಡ. ಇರಿ. ಒಂಟಿ ಹೆಣ್ಮಗ್ಳು, ಎಲ್ಗ್ ಹೋಗ್ತೀರ. ಬಾಡ್ಗೆನೂ ಅಷ್ಟೇ ಇರ್ಲಿ." ಸೆರಗಿಂದ ಕೈ ಒರೆಸಿಕೊಂಡರು. "ನಂಗೆ ಅಕ್ಕ ಅನ್ಬ್ಯಾಡಿ, ಅಷ್ಟೇ."

ರೂಮಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅಳು ಬಂತು, ಅತ್ತೆ, ಮುಗಿಯಿತು. ಇನ್ನು ಅವರನ್ನು ಏನಂತ ಕರೆಯಬೇಕೋ ತಿಳಿಯುತ್ತಿಲ್ಲ. ಗಂಗಾಮಣಿಯವರೇ ಅಂದರೆ ಅರ್ಜಿ ಬರೆದ ಹಾಗೆ. ಊಟಕ್ಕೆ ಕರೆಯಲ್ಲ ಅನ್ಸುತ್ತೆ, ಸ್ಟೌ ಮತ್ತೆ ಹೊರಗೆ ತೆಗೆಯಬೇಕು.

ನವ್ಯ ಬಾಗಿಲು ತಟ್ಟುತ್ತಿದ್ದಾಳೆ. ನಾಳೆ ಟೆಸ್ಟಂತೆ, ಲೆಕ್ಕ ಬರಲ್ವಂತೆ. ಸುಮನಕ್ಕ, ಸುಮನಕ್ಕ ಅಂತಿದ್ದಾಳೆ. ಅವಳಿಗೆ ಇನ್ನೂ ಗೊತ್ತಿಲ್ಲ.